ಎಲೆಕ್ಟ್ರಿಕ್ ಕಾರಿನ ರೇಂಜ್ ಉಳಿಸೋಕೆ ಎಸಿ ಆಫ್ ಮಾಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಶಿವಮೊಗ್ಗದಲ್ಲಿ ಹೊಸದಾಗಿ ಎಲೆಕ್ಟ್ರಿಕ್ ಕಾರು ತಗೊಂಡಿದ್ದೀರಿ. ಆಫೀಸಿನ ಎದುರು ಬಿಸಿಲಲ್ಲೇ ನಿಲ್ಲಿಸಬೇಕು. ಸಂಜೆ ಬಾಗಿಲು ತೆಗೆದರೆ ಒಳಗೆ ಕೂರಲು ಆಗುವುದಿಲ್ಲ. ಎಸಿ ಹಾಕಿದ ಕೂಡಲೇ ಸ್ಕ್ರೀನಿನಲ್ಲಿ ರೇಂಜ್, ಅಂದರೆ ಉಳಿದ ಚಾರ್ಜಿನಲ್ಲಿ ಇನ್ನೆಷ್ಟು ದೂರ ಹೋಗಬಹುದು ಅನ್ನುವ ಲೆಕ್ಕ, ಇಪ್ಪತ್ತು ಮೂವತ್ತು ಕಿಲೋಮೀಟರ್ ಬೀಳುತ್ತದೆ. ಆ ಭಯಕ್ಕೆ ಕಿಟಕಿ ಇಳಿಸಿಕೊಂಡು ಓಡಿಸುತ್ತಿದ್ದೀರಿ.

ಎಸಿ ಹಾಕಿ ಮಾರಾಯ್ರೆ. ಅಷ್ಟು ದುಡ್ಡು ಕೊಟ್ಟು ಕಾರು ತಗೊಂಡು ಬೆವರು ಒರೆಸಿಕೊಂಡು ಹೋಗುವುದು ಯಾವ ಉಳಿತಾಯ? ನಾನೂ ಇದೇ ಊರಲ್ಲಿ ಎಲೆಕ್ಟ್ರಿಕ್ ಕಾರು ಓಡಿಸುವವನು. ನನ್ನ ಅನುಭವದಲ್ಲಿ ಎಸಿ ತಿನ್ನುವ ಕರೆಂಟು ಜನ ಹೆದರುವಷ್ಟು ಇಲ್ಲ. ಅದು ಜಾಸ್ತಿ ತಿನ್ನುವುದು ಮೊದಲ ಹತ್ತು ಹದಿನೈದು ನಿಮಿಷ. ಆ ಹೊತ್ತಿನ ಕೆಲಸವನ್ನು ಹಗುರ ಮಾಡಿಕೊಟ್ಟರೆ ಮುಕ್ಕಾಲು ಸಮಸ್ಯೆ ಮುಗಿಯಿತು.

ಲೆಕ್ಕ ನೋಡಿ. ಬಿಸಿಲಲ್ಲಿ ಕಾದ ಕಾರನ್ನು ತಣ್ಣಗೆ ಮಾಡುವಾಗ ಎಸಿ 2-3 ಕಿಲೋವ್ಯಾಟ್ ಎಳೆಯುತ್ತದೆ. ಒಮ್ಮೆ ತಣ್ಣಗಾದ ಮೇಲೆ ಅದನ್ನು ಹಾಗೇ ಉಳಿಸಿಕೊಳ್ಳಲು ಸುಮಾರು 1 ಕಿಲೋವ್ಯಾಟ್ ಸಾಕು. ಮೋಡ ಮುಚ್ಚಿದ್ದರೆ ಇನ್ನೂ ಕಡಿಮೆ. ಅಂದರೆ ಗಂಟೆಗೆ ಒಂದು ಯೂನಿಟ್ ಅಂತ ಇಟ್ಟುಕೊಳ್ಳಿ. ಎಸಿ ತಿನ್ನುವುದು ಗಂಟೆ ಲೆಕ್ಕದಲ್ಲಿ, ಮೋಟಾರು ತಿನ್ನುವುದು ಕಿಲೋಮೀಟರ್ ಲೆಕ್ಕದಲ್ಲಿ. ಸಣ್ಣ ಕಾರಿಗೆ 100 ಕಿಲೋಮೀಟರಿಗೆ 12-13 ಯೂನಿಟ್ ಬೇಕು. ಸಾಗರದ ಕಡೆ ಗಂಟೆಗೆ 60ರ ಹಾಗೆ ಹೋದರೆ ಒಂದು ಗಂಟೆಯಲ್ಲಿ ಮೋಟಾರಿಗೆ ಏಳೂವರೆ ಯೂನಿಟ್, ಎಸಿಗೆ ಒಂದು. ಅದೇ ದುರ್ಗಿಗುಡಿ, ಗಾಂಧಿ ಬಜಾರಿನಲ್ಲಿ ಗಂಟೆಗೆ 20ರ ವೇಗದಲ್ಲಿ ತೆವಳಿದರೆ ಮೋಟಾರಿಗೆ ಎರಡೂವರೆ, ಎಸಿಗೆ ಅದೇ ಒಂದು. ಶೇಕಡಾ ಲೆಕ್ಕದಲ್ಲಿ ಇದು ಗಾಬರಿ ಹುಟ್ಟಿಸುತ್ತದೆ, ನಿಜ. ಆದರೆ ಊರೊಳಗೆ ಓಡಾಡುವಾಗ ರೇಂಜ್ ಯಾರಿಗೆ ಬೇಕು? ಗೋಪಿ ಸರ್ಕಲ್ಲಿನಿಂದ ವಿನೋಬನಗರಕ್ಕೆ ಹೋಗಿ ಮನೆಯಲ್ಲಿ ಚಾರ್ಜಿಗೆ ಹಾಕುವುದು, ಅಷ್ಟೇ ಅಲ್ವಾ?

ಇನ್ನು ಸ್ಕ್ರೀನಿನಲ್ಲಿ ಬೀಳುವ ಆ ಇಪ್ಪತ್ತು ಮೂವತ್ತು ಕಿಲೋಮೀಟರ್. ಅದು ಬರೀ ಅಂದಾಜು. ಈಗ ಆಗುತ್ತಿರುವ ಖರ್ಚೇ ಕೊನೆತನಕ ಇರುತ್ತದೆ ಅಂತ ಕಾರು ಲೆಕ್ಕ ಹಾಕುತ್ತದೆ. ಒಳಗೆ ತಣ್ಣಗಾಗಿ ಕಂಪ್ರೆಸರ್ ನಿಧಾನವಾದ ಮೇಲೆ ಅದರಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಹೈವೇಯಲ್ಲಿ ಕಿಟಕಿ ಇಳಿಸಿ ಓಡಿಸಿದರೆ ಗಾಳಿ ಹಿಡಿದು ಎಳೆಯುವುದಕ್ಕೂ ಕರೆಂಟು ಖರ್ಚಾಗುತ್ತದೆ, ಆ ಲೆಕ್ಕ ಮಾತ್ರ ನಿಮಗೆ ಬೇರೆಯಾಗಿ ಕಾಣುವುದಿಲ್ಲ.

ಘಾಟಿಯದ್ದೂ ಒಂದು ಮಾತು ಹೇಳಿಬಿಡುತ್ತೇನೆ. ಆಗುಂಬೆಯ 14 ತಿರುವು ಇಳಿದು ಸೋಮೇಶ್ವರ ಮುಟ್ಟುವಾಗ ಮೋಟಾರೇ ಬ್ರೇಕಿನ ಹಾಗೆ ಕೆಲಸ ಮಾಡಿ ಬ್ಯಾಟರಿಗೆ ವಾಪಸ್ ಕಳಿಸುವ ಕರೆಂಟು ಸುಮಾರು ಒಂದು ಯೂನಿಟ್ ಇರುತ್ತದೆ. ಅದರಲ್ಲಿ ಒಂದು ಗಂಟೆ ಎಸಿ ಓಡುತ್ತದೆ. ಘಾಟಿಯ ಹತ್ತಿರವೇ 100% ಚಾರ್ಜ್ ಮಾಡಿ ಇಳಿಯಬೇಡಿ, ತುಂಬಿದ ಬ್ಯಾಟರಿಯಲ್ಲಿ ವಾಪಸ್ ಬಂದದ್ದಕ್ಕೆ ಜಾಗ ಇರುವುದಿಲ್ಲ.

ಈಗ ಮುಖ್ಯ ವಿಷಯ. ಕಾರಿನ ಒಳಗೆ ಕಾಯುವುದು ಯಾವುದು? ಗಾಳಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಳಗಿರುವ ಗಾಳಿಯ ತೂಕ ಮೂರು ನಾಲ್ಕು ಕೆ.ಜಿ. ಅಷ್ಟೇ, ಬಾಗಿಲು ಬೀಸಿದರೆ ಹೊರಗೆ ಹೋಗುತ್ತದೆ. ನಿಜವಾದ ಕಾವು ಕೂತಿರುವುದು ಡ್ಯಾಶ್‌ಬೋರ್ಡಿನಲ್ಲಿ, ಸೀಟಿನಲ್ಲಿ, ಸ್ಟೀರಿಂಗಿನಲ್ಲಿ. ಅಮೆರಿಕದ ಅರಿಜೋನಾದಲ್ಲಿ ಉರಿಬಿಸಿಲಿನ ದಿನಗಳಲ್ಲಿ ಕಾರು ನಿಲ್ಲಿಸಿ ಅಳೆದ ಅಧ್ಯಯನವೊಂದು 2018ರಲ್ಲಿ ಬಂತು. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನೊಳಗಿನ ಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್ ಇದ್ದರೆ ಡ್ಯಾಶ್‌ಬೋರ್ಡ್ 69 ಡಿಗ್ರಿ ಇತ್ತು. ಸ್ಟೀರಿಂಗ್ 53, ಸೀಟು 51. ನೆರಳಲ್ಲಿ ನಿಂತದ್ದರಲ್ಲಿ ಗಾಳಿ 38, ಡ್ಯಾಶ್‌ಬೋರ್ಡ್ 48. ನಮ್ಮ ಬಿಸಿಲು ಅರಿಜೋನಾದಷ್ಟಲ್ಲ, ಆದರೆ ಅಂತರ ನೋಡಿ. ಡ್ಯಾಶ್‌ಬೋರ್ಡಿನಲ್ಲೇ 21 ಡಿಗ್ರಿ ವ್ಯತ್ಯಾಸ! ಎಸಿ ಹಾಕಿ ಗಾಳಿ ತಣ್ಣಗೆ ಮಾಡಿದರೂ ಈ ಪ್ಲಾಸ್ಟಿಕ್ಕು ಅದನ್ನು ಮತ್ತೆ ಮತ್ತೆ ಕಾಯಿಸುತ್ತಿರುತ್ತದೆ. ಕೆಳಗೆ ಒಲೆ ಉರಿಯುತ್ತಿರುವಾಗ ಪಾತ್ರೆಗೆ ತಣ್ಣೀರು ಸುರಿದ ಹಾಗೆ.

ಹಾಗಾಗಿ ನಾನು ಮೊದಲು ಕೊಳ್ಳಿ ಅನ್ನುವುದು ಮುಂದಿನ ಗಾಜಿಗೆ ಹಾಕುವ ಬೆಳ್ಳಿ ಬಣ್ಣದ ಸನ್‌ಶೇಡ್. ಕಾರಿನಲ್ಲಿ ಡ್ಯಾಶ್‌ಬೋರ್ಡಿಗೆ ಬಿಸಿಲು ಬಿಡುವ ದೊಡ್ಡ ಗಾಜು ಅದೇ. ಗಾಜಿಗೆ ಸರಿಯಾಗಿ ಅಂಟಿಕೊಂಡು ಕೂರುವ ಅಳತೆಯದ್ದು ನೋಡಿ ತಗೊಳ್ಳಿ, ಸಂದಿ ಬಿಟ್ಟರೆ ಸುಮ್ನೆ. ಗಾಜಿನ ಹೊರಗಡೆ ಹೊದಿಸುವ ಶೇಡ್ ಇನ್ನೂ ಒಳ್ಳೆಯದು, ಬಿಸಿಲು ಒಳಗೇ ಬರುವುದಿಲ್ಲ. ಆದರೆ ಗಾಳಿಗೆ ಹಾರುತ್ತದೆ, ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದರೆ ಕಳುವೂ ಆಗುತ್ತದೆ. ಗಾಜಿನ ಸನ್‌ರೂಫ್ ಇದ್ದರೆ ಅದರ ಪರದೆ ಬೇಸಿಗೆ ಮುಗಿಯುವವರೆಗೆ ಮುಚ್ಚಿಯೇ ಇರಲಿ. ಮಕ್ಕಳು ಆಕಾಶ ನೋಡುವುದು ಜುಲೈಯಲ್ಲಿ ಆದರೂ ಆಗುತ್ತದೆ. ಕಿಟಕಿ ಒಂದು ಬೆರಳು ಇಳಿಸಿಟ್ಟರೆ ತಣ್ಣಗಿರುತ್ತದೆ ಅನ್ನುವವರಿದ್ದಾರೆ. ಅದರಿಂದ ಸಿಗುವುದು ಬಹಳ ಕಡಿಮೆ. ಏಪ್ರಿಲ್ ಸಂಜೆಯ ಗುಡುಗು ಮಳೆ ಬಂದರೆ ಸೀಟು ನೆನೆಯುತ್ತದೆ.

ನಿಲ್ಲಿಸುವ ದಿಕ್ಕಿಗೂ ಬೆಲೆ ಇದೆ. ಏಪ್ರಿಲ್ ಕೊನೆಯಲ್ಲಿ ನಮ್ಮೂರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಕಾರಿನ ನೆರಳು ಕಾರಿನಡಿಗೇ ಇರುತ್ತದೆ. ಎರಡು ಗಂಟೆಯ ಮೇಲೆ ಬಿಸಿಲು ಪಡುವಣದಿಂದ ಓರೆಯಾಗಿ ಬರುತ್ತದೆ. ಸಂಜೆ ಹೊರಡುವವರಿಗೆ ಲೆಕ್ಕಕ್ಕೆ ಬರುವುದು ಈ ಹೊತ್ತಿನ ಬಿಸಿಲೇ. ಅದಕ್ಕೆ ಕಾರಿನ ಮುಖ ಪೂರ್ವಕ್ಕೆ ಇರಲಿ. ಮರ ಸಿಕ್ಕಿದರೆ ಅದರ ಪೂರ್ವದ ಬದಿಗೆ ನಿಲ್ಲಿಸಿ. ಬೆಳಿಗ್ಗೆ ಅಲ್ಲಿ ಬಿಸಿಲೇ ಇರುತ್ತದೆ, ನೋಡಿದವರು ನಗಬಹುದು, ಮಧ್ಯಾಹ್ನ ನೆರಳು ತಾನಾಗಿ ನಿಮ್ಮ ಕಾರಿನ ಮೇಲೆ ಬರುತ್ತದೆ. ಹೊಂಗೆ ಮರ ಸಿಕ್ಕಿದರೆ ಪುಣ್ಯ. ಮಾವಿನ ಮರದ ಅಂಟು ಗಾಜಿನಿಂದ ಬಿಡಿಸುವುದು ಕಷ್ಟ. ಹಲಸಿನ ಮರವಾದರೆ ನಿಲ್ಲಿಸುವ ಮುಂಚೆ ಒಮ್ಮೆ ತಲೆ ಎತ್ತಿ ನೋಡಿ.

ಮನೆಯಲ್ಲಿ ಶೆಡ್ ಕಟ್ಟಿಸುವವರು ಸೀದಾ ಜಿಂಕ್ ಶೀಟ್ ಹಾಕಿಸುತ್ತಾರೆ. ಮಧ್ಯಾಹ್ನ ಅದರಡಿ ನಿಂತು ನೋಡಿ, ಶೀಟಿನ ಕಾವು ತಲೆಗೆ ಹೊಡೆಯುತ್ತದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಂಗಳದ ಚಪ್ಪರಕ್ಕೆ ಅಡಿಕೆ ಸೋಗೆ ಹೊದಿಸಿದ್ದಾರೆ. ಅದರಡಿ ನಿಲ್ಲಿಸಿದ ಕಾರಿನ ಸೀಟ್ ಬೆಲ್ಟಿನ ಕಬ್ಬಿಣ ಮಧ್ಯಾಹ್ನ ಎರಡಕ್ಕೂ ಕೈಗೆ ಹಿತವಾಗಿರುತ್ತದೆ. ಸೋಗೆಯ ಎಲೆಗಳ ಮಧ್ಯೆ ಗಾಳಿ ಆಡುತ್ತದೆ, ಕಾವು ಕೆಳಗೆ ಇಳಿಯುವುದಿಲ್ಲ. ಪೇಟೆಯಲ್ಲಿ ಸೋಗೆ ಸಿಗದಿದ್ದರೆ ಶೀಟಿನ ಮೇಲೆ ಒಂದು ಅಡಿ ಅಂತರ ಬಿಟ್ಟು ತೋಟಕ್ಕೆ ಹಾಕುವ ಹಸಿರು ನೆರಳು ಬಲೆ ಕಟ್ಟಿಸಿ. ಅಂತರ ಮುಖ್ಯ, ಶೀಟಿಗೆ ತಾಗಿಸಿ ಹಾಕಿದರೆ ಅಷ್ಟು ಪ್ರಯೋಜನವಿಲ್ಲ.

ಹತ್ತುವಾಗ ಹೀಗೆ ಮಾಡಿ. ಎಡಗಡೆಯ ಹಿಂದಿನ ಕಿಟಕಿ ಪೂರ್ತಿ ಇಳಿಸಿ, ಡ್ರೈವರ್ ಬಾಗಿಲನ್ನು ಐದಾರು ಸಲ ಬೀಸಿ. ಒಳಗಿನ ಬಿಸಿ ಗಾಳಿ ಆ ಕಿಟಕಿಯಿಂದ ಹೊರಗೆ ಹೋಗುತ್ತದೆ. ಅಕ್ಕಪಕ್ಕದವರು ಬಾಗಿಲು ಕೆಟ್ಟಿದೆಯಾ ಅಂತ ಕೇಳಬಹುದು, ಕೇಳಲಿ. ಒಂದೆರಡು ನಿಮಿಷ ಕಿಟಕಿ ಇಳಿಸಿಯೇ ಎಸಿ ಹಾಕಿಕೊಂಡು ಹೋಗಿ. ಆಮೇಲೆ ಕಿಟಕಿ ಏರಿಸಿ, ಒಳಗಿನ ಗಾಳಿಯೇ ತಿರುಗುವ ಗುಂಡಿ ಒತ್ತಿ. 24-25 ಡಿಗ್ರಿ ಸಾಕು. ನಮ್ಮಲ್ಲಿ ಕಾಡುವುದು ಬಿಸಿಗಿಂತ ಸೆಖೆ, ಎಸಿ ಗಾಳಿಯ ತೇವ ಹೀರಿದರೆ 25ರಲ್ಲೂ ಹಾಯಾಗಿರುತ್ತದೆ. ಗಾಳಿ ಬರುವ ಸೀಟು ಇದ್ದರೆ ಅದನ್ನೇ ಜಾಸ್ತಿ ಬಳಸಿ. ಅದರ ಸಣ್ಣ ಫ್ಯಾನುಗಳಿಗೆ ಎಸಿ ಎಳೆಯುವುದರ ಚೂರು ಸಾಕು.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಇನ್ನೂ ಸುಲಭ. ಪ್ಲಗ್ ಕೀಳುವ ಮುಂಚೆ ಆ್ಯಪಿನಿಂದ ಎಸಿ ಶುರು ಮಾಡಿ. 15 ಆಂಪ್ ಸಾಕೆಟ್ಟಿನ ಚಾರ್ಜರ್ ಸುಮಾರು 3 ಕಿಲೋವ್ಯಾಟ್ ಕೊಡುತ್ತದೆ, ಎಸಿ ತಿನ್ನುವುದನ್ನು ಹೆಚ್ಚು ಕಡಿಮೆ ಅದೇ ತುಂಬಿಕೊಡುತ್ತದೆ. ಬ್ಯಾಟರಿ ಮುಟ್ಟದೆ ತಣ್ಣನೆ ಕಾರಿನಲ್ಲಿ ಹೊರಟಿರಿ. ಆಫೀಸಿನ ಎದುರು ಪ್ಲಗ್ ಇಲ್ಲದಿದ್ದರೂ ಮೆಟ್ಟಿಲು ಇಳಿಯುವ ಮುಂಚೆ ಐದು ನಿಮಿಷ ಹಾಕಿ. ಖರ್ಚು ಕಾಲು ಯೂನಿಟ್. ಇಂಜಿನ್ ಕಾರಿಗೆ ಇಲ್ಲದ ಸುಖ ಇದು, ಯಾಕೆಂದರೆ ನಮ್ಮ ಕಂಪ್ರೆಸರ್ ಬ್ಯಾಟರಿಯಿಂದ ಓಡುತ್ತದೆ, ಇಂಜಿನ್ ತಿರುಗಲೇಬೇಕು ಅಂತಿಲ್ಲ. ಮದುವೆ ಛತ್ರದ ಎದುರು ಅಮ್ಮನನ್ನು ಎಸಿ ಹಾಕಿ ಒಂದು ಗಂಟೆ ಕೂರಿಸಿದರೂ 30 ಯೂನಿಟ್ ಬ್ಯಾಟರಿಯಲ್ಲಿ 3% ಹೋಗುತ್ತದೆ, ಹೊಗೆಯೂ ಇಲ್ಲ. ಆದರೆ ಇದೇ ಧೈರ್ಯದಲ್ಲಿ ಮಕ್ಕಳನ್ನು ಒಳಗೆ ಬಿಟ್ಟು ಹೋಗಬೇಡಿ. ಕೆಲವು ಕಾರುಗಳಲ್ಲಿ ಲಾಕ್ ಮಾಡಿದರೆ ಅಥವಾ ಸ್ವಲ್ಪ ಹೊತ್ತಾದರೆ ಎಸಿ ತಾನೇ ನಿಲ್ಲುತ್ತದೆ. ಸದ್ದೇ ಇಲ್ಲದ ಗಾಡಿ, ಎಸಿ ನಿಂತದ್ದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಫಿಲಂ ಅಂಟಿಸಲಾ ಅಂತಲೂ ಕೇಳಿದ್ದೀರಿ. ಕಪ್ಪಗಿದ್ದರೆ ತಂಪು ಅನ್ನುವುದು ತಪ್ಪು. ಬಿಸಿಲಿನ ಶಾಖದಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಕಿರಣಗಳದ್ದು. ಅದನ್ನು ತಡೆಯುವ ಸೆರಾಮಿಕ್ ಫಿಲಂ ತಿಳಿಯಾಗಿಯೂ ಇರಬಹುದು. ಕಾನೂನಿನ ಪ್ರಕಾರ ಮುಂದಿನ, ಹಿಂದಿನ ಗಾಜು 70% ಬೆಳಕು ಬಿಡಬೇಕು, ಪಕ್ಕದ ಗಾಜು 50%. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲಂ ಅಂಟಿಸುವುದನ್ನೇ ನಿಷೇಧಿಸಿತ್ತು. ಆಮೇಲೆ ನಿಯಮ ಬದಲಾಯಿತು, ಈ ಮಿತಿಯೊಳಗಿನ ಫಿಲಂ ಹಾಕಬಹುದು ಅಂತ 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದರೆ ಬಿ.ಎಚ್. ರೋಡಿನಲ್ಲಿ ಗಾಡಿ ತಡೆದವರಿಗೆ ತೀರ್ಪು ಓದಿ ಹೇಳುತ್ತಾ ನಿಲ್ಲುವ ತಾಳ್ಮೆ ನನಗಿಲ್ಲ. ನಿಲ್ಲಿಸಿದಾಗ ಮಾತ್ರ ಹಾಕಿ ತೆಗೆಯುವ ಬಲೆ ಪರದೆ ಸಾಕು ಅಂತ ಬಿಟ್ಟಿದ್ದೇನೆ.

ಒಂದು ವಿಷಯ ಗೊತ್ತಿರಲಿ, ಇಲ್ಲದಿದ್ದರೆ ಸರ್ವಿಸ್ ಸೆಂಟರಿಗೆ ಸುಮ್ನೆ ಓಡುತ್ತೀರಿ. ದ್ರವ ಹರಿಸಿ ಬ್ಯಾಟರಿ ತಣ್ಣಗೆ ಮಾಡುವ ಕಾರುಗಳಲ್ಲಿ ಬ್ಯಾಟರಿಗೂ ನಿಮಗೂ ಒಂದೇ ಕಂಪ್ರೆಸರ್. ಬಿಸಿಲಲ್ಲಿ ಫಾಸ್ಟ್ ಚಾರ್ಜಿಗೆ ಹಾಕಿ ಒಳಗೆ ಕೂತರೆ ಎಸಿ ಗಾಳಿ ಸ್ವಲ್ಪ ಬೆಚ್ಚಗಾಗಬಹುದು. ಕೆಟ್ಟಿಲ್ಲ, ಬ್ಯಾಟರಿಗೆ ಮೊದಲ ಪಾಲು ಹೋಗುತ್ತಿದೆ. ಆ ಹೊತ್ತಿಗೆ ಇಳಿದು ಕಾಫಿ ಕುಡಿದು ಬನ್ನಿ. ಬ್ಯಾಟರಿಯನ್ನು 100% ತುಂಬಿಸಿ ದಿನಗಟ್ಟಲೆ ಬಿಸಿಲಲ್ಲಿ ಬಿಡುವುದು ಮಾತ್ರ ಬೇಡ, ಅದರ ಆಯಸ್ಸಿಗೆ ಒಳ್ಳೆಯದಲ್ಲ.

ಜೂನ್ ಬಂದ ಮೇಲೆ ಗಾಜಿಗೆ ಮಂಜು ಕಟ್ಟುತ್ತದೆ. ಆಗಲೂ ಎಸಿ ಬೇಕು, ಒಳಗಿನ ಗಾಳಿಯ ಗುಂಡಿ ಮಾತ್ರ ಆಫ್ ಮಾಡಿ ಹೊರಗಿನ ಗಾಳಿಗೆ ಬಿಡಿ. ಆಗ ಅದು ಎಳೆಯುವ ಕರೆಂಟು ಬೇಸಿಗೆಗಿಂತ ಕಡಿಮೆ.

ನಿಮ್ಮದು ಯಾವ ಗಾಡಿ ಅಂತ ಬರೆದಿಲ್ಲ. ಎಲ್ಲ ಕಾರುಗಳೂ ಚಾರ್ಜಿನಲ್ಲಿದ್ದಾಗ ಆ್ಯಪಿನಿಂದ ಎಸಿ ಹಾಕಲು ಬಿಡುವುದಿಲ್ಲ. ಇವತ್ತು ರಾತ್ರಿ ಪ್ಲಗ್ ಹಾಕಿದ ಮೇಲೆ ಒಮ್ಮೆ ಒತ್ತಿ ನೋಡಿ. ಆಗದಿದ್ದರೆ ಮಾಡೆಲ್ ಹೆಸರು ಕೆಳಗೆ ಬರೆಯಿರಿ, ಅದೇ ಗಾಡಿ ಇಟ್ಟುಕೊಂಡವರು ಯಾರಾದರೂ ದಾರಿ ಹೇಳುತ್ತಾರೆ.