ಅವರು ಕೇಳಿದ್ದರು, ಇವರು ಕೊಡಲಿಲ್ಲ

ಪ್ರಶ್ನೆ: 1942ರಲ್ಲಿ ಅಮೆರಿಕ ತನ್ನಲ್ಲಿದ್ದ ಜಪಾನೀಯರನ್ನು ಶಿಬಿರಗಳಿಗೆ ತಳ್ಳಿತು ಅಂತ ಓದಿದೆ. ಅವರಲ್ಲಿ ಹಿರಿಯರಿಗೆ ಪೌರತ್ವವೇ ಇರಲಿಲ್ಲವಂತೆ. ಅಷ್ಟು ವರ್ಷ ಅಲ್ಲೇ ಬದುಕಿದವರು ಯಾಕೆ ಪೌರತ್ವ ತೆಗೆದುಕೊಳ್ಳಲಿಲ್ಲ? ಜಪಾನಿನ ಮೇಲೆ ಪ್ರೀತಿ ಜಾಸ್ತಿ ಇತ್ತಾ?

ಉತ್ತರ: ಬೇಡ ಅಂದವರು ಅವರಲ್ಲ. 1790ರ ಕಾನೂನು ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ ಕೊಡುತ್ತಿತ್ತು, 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು, ಏಷ್ಯಾದವರಿಗೆ ಎರಡರಲ್ಲೂ ಜಾಗ ಇರಲಿಲ್ಲ.

ತಕಾವೊ ಒಜಾವಾ ಅವರನ್ನೇ ನೋಡಿ. 1894ರಲ್ಲಿ ಬಂದವರು, ಬರ್ಕ್ಲಿಯಲ್ಲಿ ಓದಿದವರು, ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಆಡುತ್ತಿದ್ದದ್ದು ಇಂಗ್ಲಿಷೇ. 1914ರಲ್ಲಿ ಅರ್ಜಿ ಹಾಕಿದರು. 1922ರಲ್ಲಿ ಸುಪ್ರೀಂ ಕೋರ್ಟ್, ನಿಮ್ಮ ಯೋಗ್ಯತೆಯಲ್ಲಿ ಕೊರತೆಯಿಲ್ಲ, ಆದರೆ ಬಿಳಿಯರು ಅಂದರೆ ಕಾಕೇಷಿಯನ್ನರು (ಆಗಿನ ಜನಾಂಗಶಾಸ್ತ್ರದವರು ಮಾಡಿದ್ದ ಒಂದು ವಿಂಗಡಣೆ), ನೀವು ಅವರಲ್ಲ ಅಂತ ಕಳಿಸಿತು. ಮೂರೇ ತಿಂಗಳಿಗೆ ಪಂಜಾಬಿನ ಭಗತ್ ಸಿಂಗ್ ತಿಂಡ್ ಅವರ ಕೇಸು ಬಂತು. ಅಮೆರಿಕದ ಸೈನ್ಯದಲ್ಲಿದ್ದ ಈ ಮನುಷ್ಯ, ಆ ಜನಾಂಗಶಾಸ್ತ್ರದ ಪ್ರಕಾರ ನಾನು ಕಾಕೇಷಿಯನ್ನೇ ಅಲ್ವಾ ಅಂದರು. ತೀರ್ಪು ಬರೆದದ್ದು ಅದೇ ನ್ಯಾಯಮೂರ್ತಿ ಜಾರ್ಜ್ ಸದರ್ಲ್ಯಾಂಡ್. ಈ ಸಲ ಅವರು ಹೇಳಿದ್ದು, ಜನಾಂಗಶಾಸ್ತ್ರ ಮುಖ್ಯವಲ್ಲ, ಜನಸಾಮಾನ್ಯರು ಯಾರನ್ನು ಬಿಳಿಯ ಅನ್ನುತ್ತಾರೋ ಅವನೇ ಬಿಳಿಯ ಅಂತ! ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇದು ಬರೀ ಮತದಾನದ ಮಾತಲ್ಲ. 1913ರ ಕ್ಯಾಲಿಫೋರ್ನಿಯಾ ಜಮೀನು ಕಾನೂನಿನಲ್ಲಿ ಜಪಾನ್ ಅನ್ನೋ ಹೆಸರೇ ಇಲ್ಲ, "ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು" ಜಮೀನು ಕೊಳ್ಳುವಂತಿಲ್ಲ ಅಂತಷ್ಟೇ ಇದೆ. 1924ರಲ್ಲಿ ಅದೇ ಮಾತು ಹಿಡಿದು ಹೊಸಬರು ಬರುವುದನ್ನೂ ನಿಲ್ಲಿಸಿದರು.

ರಿವರ್‌ಸೈಡ್ ಊರಿನಲ್ಲಿ ಹೋಟೆಲು ನಡೆಸುತ್ತಿದ್ದ ಜೂಕಿಚಿ ಹರಾಡಾ 1915ರಲ್ಲಿ ಮನೆ ಕೊಂಡಿದ್ದು ಅಲ್ಲೇ ಹುಟ್ಟಿದ ಮೂರು ಮಕ್ಕಳ ಹೆಸರಿಗೆ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಪೌರತ್ವ ತಾನಾಗಿ ಬರುತ್ತಿತ್ತು. ಅಕ್ಕಪಕ್ಕದವರು ತಕರಾರು ತೆಗೆದರು, ಸರ್ಕಾರ ಕೋರ್ಟಿಗೆ ಎಳೆಯಿತು, 1918ರಲ್ಲಿ ಮನೆ ಮಕ್ಕಳದ್ದೇ ಅಂತ ತೀರ್ಪಾಯಿತು. 1942ರಲ್ಲಿ ಆ ಪೌರತ್ವವೂ ಕಾಯಲಿಲ್ಲ. ಮನೆ ಬಿಟ್ಟು ಹೊರಡುವಾಗ ಮಗ ಹೆರಾಲ್ಡ್ ತನ್ನ ಕೋಣೆಯ ಗೋಡೆಯ ಮೇಲೆ ಹೊರಟ ದಿನವನ್ನು ಬರೆದಿಟ್ಟ.

ಜಪಾನಿನಿಂದ ಬಂದವರಿಗೆ ಪೌರತ್ವದ ಬಾಗಿಲು ತೆರೆದದ್ದು 1952ರಲ್ಲಿ. ಜೂಕಿಚಿ ಮತ್ತು ಅವರ ಹೆಂಡತಿ ಕೆನ್ ಅಷ್ಟರಲ್ಲಿ ಇರಲಿಲ್ಲ. ಯುದ್ಧ ಮುಗಿಯುವ ಮೊದಲೇ ಯೂಟಾದ ಟೋಪಾಜ್ ಶಿಬಿರದಲ್ಲಿ ಇಬ್ಬರೂ ತೀರಿಕೊಂಡಿದ್ದರು.