5 ಕೆವಿಎನಾ, 2 ಕೆವಿಎನಾ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಗಾಳಿಮಳೆಗೆ ತೆಂಗಿನ ಗರಿ ಲೈನ್ ಮೇಲೆ ಬಿದ್ದರೆ ರಾತ್ರಿಯೆಲ್ಲ ಕತ್ತಲು. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿಗೂ ಕರೆಂಟ್ ಬಂದಿರುವುದಿಲ್ಲ. ಹಾಲು ಕರೆಯುವ ಮಿಷಿನ್ 1 ಎಚ್‌ಪಿ, ಸಂಪಿನ ಮೋಟರ್ 1 ಎಚ್‌ಪಿ, ಎರಡೂ ಸಿಂಗಲ್ ಫೇಸ್. ಜೊತೆಗೆ ಫ್ರಿಜ್, ಟಿವಿ, ನಾಲ್ಕು ಫ್ಯಾನ್. ಅಂಗಡಿಯವರು 5 ಕೆವಿಎ ಜನರೇಟರ್ ತಗೊಳ್ಳಿ ಅನ್ನುತ್ತಾರೆ, ನಮ್ಮ ಬಾಮೈದ 2 ಕೆವಿಎ ಸಾಕು ಅನ್ನುತ್ತಾನೆ. ಯಾರ ಮಾತು ಕೇಳಲಿ ಸಾರ್?

ಉತ್ತರ: 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಿಲ್ಲೆಯವರು ನನ್ನ ಹತ್ತಿರ ಜನರೇಟರ್ ಕೇಳುತ್ತಿದ್ದೀರಿ, ಇರಲಿ. ಇಬ್ಬರ ಮಾತೂ ಬೇಡ, ಮೋಟರ್ ಏನು ಹೇಳುತ್ತದೆ ಕೇಳಿ.

1 ಎಚ್‌ಪಿ ಅಂದರೆ 746 ವ್ಯಾಟ್, ಅದು ಮೋಟರ್ ಕೊಡುವ ಕೆಲಸ. ಅಷ್ಟು ಕೆಲಸಕ್ಕೆ ಅದು ಎಳೆಯುವುದು ಸಾವಿರ ವ್ಯಾಟ್ ಮೇಲೆಯೇ. ಸ್ವಿಚ್ ಹಾಕಿದ ಕ್ಷಣದಲ್ಲಂತೂ ಓಡುವಾಗ ಬೇಕಾದ ಕರೆಂಟಿನ ಐದಾರು ಪಟ್ಟು ಎಳೆದುಬಿಡುತ್ತದೆ. ನಿಮ್ಮ ಬಾಮೈದ ಲೆಕ್ಕ ತಪ್ಪಿದ್ದು ಇಲ್ಲೇ. 2 ಕೆವಿಎ ಅಂದರೆ 2000 ವೋಲ್ಟ್-ಆಂಪಿಯರ್, ಅದನ್ನು ಪವರ್ ಫ್ಯಾಕ್ಟರ್ 0.8ರಿಂದ, ಅಂದರೆ ನಿಜವಾಗಿ ಕೆಲಸಕ್ಕೆ ಸಿಗುವ ಪಾಲಿನಿಂದ, ಗುಣಿಸಿದರೆ 1600 ವ್ಯಾಟ್ ಬರುತ್ತದೆ, ಕಾಗದದ ಮೇಲೆ ಒಂದು ಮೋಟರಿಗೆ ಸಾಕು ಅನ್ನಿಸುತ್ತದೆ, ಆದರೆ ಮಿಷಿನ್ ಹಾಕಿದ ತಕ್ಷಣ ಜನರೇಟರ್ ಗುಂಯ್ ಅಂತ ಕುಗ್ಗಿ ನಿಂತೇ ಹೋಗಬಹುದು, ಹಸು ಕೆಚ್ಚಲು ತುಂಬಿಕೊಂಡು ನಿಮ್ಮ ಮುಖ ನೋಡುತ್ತಿರುತ್ತದೆ.

ಎರಡು ಮೋಟರನ್ನೂ ಒಟ್ಟಿಗೆ ಓಡಿಸಲೇಬೇಕಾದರೆ 5 ಕೆವಿಎ ಸರಿ. ಆದರೆ ಒಟ್ಟಿಗೆ ಯಾಕೆ? ಹಾಲು ಕರೆದಾದ ಮೇಲೆ ನೀರು ಎತ್ತಿದರಾಯಿತು. ಆಗ 3ರಿಂದ 3.5 ಕೆವಿಎ ಸಾಕಾಗುತ್ತದೆ. ಮೊದಲು ಮೋಟರ್ ಒಂದನ್ನೇ ಹಾಕಿ, ಅದು ಸಮಕ್ಕೆ ಬಂದ ಮೇಲೆ ಫ್ರಿಜ್, ಫ್ಯಾನ್. ದುಡ್ಡು ಕೊಡುವ ಮುಂಚೆ ಅಂಗಡಿಯವರನ್ನು ಮನೆಗೇ ಕರೆಸಿ, ನಿಮ್ಮ ಮಿಷಿನ್ನನ್ನೇ ಹಾಕಿ ತೋರಿಸಿ ಅನ್ನಿ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ಇನ್ನೊಂದು ಮಾತು, ಇದನ್ನು ಬೈದೇ ಹೇಳುತ್ತೇನೆ. ಎರಡೂ ತುದಿಗೆ ಪಿನ್ ಹಾಕಿದ ವೈರ್ ಮಾಡಿಕೊಂಡು, ಜನರೇಟರಿನಿಂದ ಮನೆಯ ಪ್ಲಗ್‌ಗೆ ಸಿಕ್ಕಿಸುವವರಿದ್ದಾರೆ. ಆ ಕರೆಂಟ್ ಮೀಟರ್ ದಾಟಿ ಹಿಂದಕ್ಕೆ ಹೋದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ ನಿಮ್ಮ 230 ವೋಲ್ಟ್ 11,000 ವೋಲ್ಟ್ ಆಗುತ್ತದೆ. ಮಳೆಯಲ್ಲಿ ನೆನೆದುಕೊಂಡು ನಿಮ್ಮ ಲೈನ್ ಸರಿ ಮಾಡಲು ಕಂಬ ಹತ್ತಿದ ಲೈನ್‌ಮ್ಯಾನ್ ಜೀವ ಹೋಗುತ್ತದೆ. ಹೊರಗಿನ ಲೈನನ್ನೂ ಜನರೇಟರನ್ನೂ ಒಟ್ಟಿಗೆ ಸೇರಗೊಡದ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅರ್ತಿಂಗ್ ಮಾಡಿಸಿ. ಅಲ್ಲಿ ಉಳಿತಾಯ ಬೇಡ.

ಪೆಟ್ರೋಲಾ, ಡೀಸೆಲಾ? ವರ್ಷದಲ್ಲಿ ಕೆಲವು ದಿನದ ಕೆಲಸಕ್ಕೆ ಪೆಟ್ರೋಲೇ ಸಾಕು. ತಿಂಗಳಿಗೊಮ್ಮೆ ಲೋಡ್ ಕೊಟ್ಟು ಕಾಲು ಗಂಟೆ ಓಡಿಸಿ, ಪೆಟ್ರೋಲ್ ಕಾಕ್ ಮುಚ್ಚಿ ತಾನೇ ನಿಲ್ಲುವವರೆಗೆ ಬಿಡಿ. ಇಲ್ಲದಿದ್ದರೆ ಹಳೆ ಪೆಟ್ರೋಲ್ ಕಾರ್ಬುರೇಟರಿನಲ್ಲಿ ಅಂಟಾಗಿ, ಬೇಕಾದ ದಿನ ಹಗ್ಗ ಎಳೆದೂ ಎಳೆದೂ ತೋಳು ನೋಯುತ್ತದೆ.

ಪ್ರಶ್ನೆ: ಮೈಸೂರು ಕುವೆಂಪುನಗರದಲ್ಲಿ ಎರಡನೇ ಮಹಡಿ ಮನೆ. ಬಾಲ್ಕನಿಯಲ್ಲಿ ಸಣ್ಣ ಪೆಟ್ರೋಲ್ ಜನರೇಟರ್ ಇಡಬಹುದಾ?

ಉತ್ತರ: ಬೇಡವೇ ಬೇಡ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ನಾನೇ ಒಮ್ಮೆ ಹಿತ್ತಲ ಓಣಿಯಲ್ಲಿ ಇಟ್ಟು, ಅಡುಗೆಮನೆ ಕಿಟಕಿ ಮುಚ್ಚಲು ಮರೆತು, ಮನೆಯವರೂ ನಾನೂ ತಲೆ ಹಿಡಿದುಕೊಂಡು ರಸ್ತೆಗೆ ಓಡಿ ಬಂದಿದ್ದೆವು. ಕಿಟಕಿ ಬಾಗಿಲಿನಿಂದ ಕನಿಷ್ಠ 20 ಅಡಿ ದೂರ ಬೇಕು, ಬಾಲ್ಕನಿಯಲ್ಲಿ ಅದೆಲ್ಲಿಂದ ಬರಬೇಕು?

ನಿಮಗೆ ಇನ್ವರ್ಟರ್ ಸಾಕು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದ್ದರೂ ನಷ್ಟ ಕಳೆದು 300 ವ್ಯಾಟ್ ಲೋಡನ್ನು ಸುಮಾರು ನಾಲ್ಕು ಗಂಟೆ ಎಳೆಯುತ್ತದೆ. ಹಳೆ ಫ್ಯಾನ್ ಒಂದಕ್ಕೇ 75 ವ್ಯಾಟ್ ಬೇಕು, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್‌ಗೆ 30ರ ಆಸುಪಾಸು. ಎರಡನೇ ಬ್ಯಾಟರಿ ತರುವ ಮುಂಚೆ ಫ್ಯಾನ್ ಬದಲಾಯಿಸಿ ನೋಡಿ.