ಕಯಾಕ್‌ಗೆ ಒಂದೇ ರೀಲ್: ಎಸೆಯೋದಕ್ಕೂ ಟ್ರೋಲಿಂಗ್‌ಗೂ
ಕಯಾಕ್‌ನಲ್ಲಿ ಕೂತು ಅಂಜಲ್ ಮೀನು ಹಿಡಿಯೋಕೆ, ಲ್ಯೂರ್ (ಕೃತಕ ಎರೆ) ಎಸೆಯೋದಕ್ಕೂ ಟ್ರೋಲಿಂಗ್‌ಗೂ (ದೋಣಿ ಸಾಗುವಾಗ ಲ್ಯೂರನ್ನು ಹಿಂದೆ ಎಳೆಯೋದು) ಒಂದೇ ರೀಲ್ ಯಾವುದು, ಈಗಿನ 2500 ಸೈಜಿನ ರೀಲ್‌ನಲ್ಲಿ ಲೈನ್ ಹುರಿಗೊಳ್ಳುತ್ತೆ ಅಂತ ಕೇಳಿದ್ದೀರಿ. ಟ್ರೋಲಿಂಗ್ ಮಾಡುವಾಗ ಲೈನ್ ಹುರಿಗೊಳ್ಳೋದು ಬಹುಶಃ ನಿಮ್ಮ 2500 ರೀಲ್‌ನ ತಪ್ಪಲ್ಲ. ಎಳೆಯುತ್ತಾ ಹೋದಂತೆ ಸ್ಪೂನ್ (ಚಮಚದಾಕಾರದ ಲೋಹದ ಲ್ಯೂರ್) ತಿರುಗುತ್ತದೆ, ಜೊತೆಗೆ ಲೈನೂ ತಿರುಗುತ್ತದೆ. ಮೊದಲು ಸ್ಪೂನಿನ ಮುಂದೆ ಒಳ್ಳೆಯ ಬಾಲ್ ಬೇರಿಂಗ್ ಸ್ವಿವೆಲ್ (ಸಲೀಸಾಗಿ ತಿರುಗುವ ಕೊಂಡಿ) ಹಾಕಿ. ಈಗಾಗಲೇ ಹುರಿಗೊಂಡ ಲೈನನ್ನು ತುದಿಗೆ ಏನೂ ಕಟ್ಟದೆ ಕಯಾಕ್ ಹಿಂದೆ ಬಿಟ್ಟು ಸ್ವಲ್ಪ ದೂರ ಎಳೆಯಿರಿ, ಬಿಚ್ಚಿಕೊಳ್ಳುತ್ತದೆ.

ಆದರೂ ಅಂಜಲ್ ಹಿಡಿಯೋಕೆ 2500 ಚಿಕ್ಕದೇ. ಎರಡಕ್ಕೂ ಒಂದೇ ರೀಲ್ ಬೇಕು ಅಂದ್ರೆ 4000 ಸೈಜಿನ ಸ್ಪಿನ್ನಿಂಗ್ ರೀಲ್ ತಗೊಳ್ಳಿ, 20 ಪೌಂಡ್ ಬ್ರೇಡ್ (ಹೆಣೆದ ಲೈನ್) ಸಾಕು. ಬೇಟ್‌ಕಾಸ್ಟರ್ (ಎಸೆದಾಗ ಸ್ಪೂಲೇ ತಿರುಗುವ ರೀಲ್) ಟ್ರೋಲಿಂಗ್‌ಗೆ ಚೆಂದ, ಆದರೆ ಕೂತಲ್ಲಿಂದ ಗಾಳಿಗೆ ಎದುರಾಗಿ ಹಗುರ ಲ್ಯೂರ್ ಎಸೆದರೆ ಸುಮ್ನೆ ಗೋಜಲು. ಡ್ರ್ಯಾಗನ್ನು (ಮೀನು ಎಳೆದಾಗ ರೀಲ್ ಲೈನ್ ಬಿಡುವ ಬಿಗಿತ) ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡಿ 2 ಕೆಜಿ ಆಸುಪಾಸಿಗೆ ಇಡಿ. ರಾಡ್ ಯಾವುದಂತ ನೀವು ಹೇಳಿಲ್ಲ, ತೀರಾ ಮೆದುವಾದರೆ ಇನ್ನೂ ಕಡಿಮೆ ಮಾಡಿ. ರಾಡನ್ನು ಕಯಾಕ್‌ಗೆ ಹಗ್ಗದಿಂದ ಕಟ್ಟಿರಲೇಬೇಕು.